ಬುಗುಡಿಯ ಹದಿನಾಲ್ಕು ಮೊಟ್ಟೆ

ಮಕ್ಕಳೇ, ಕೋಳಿಗಳಿಗೆ ಎಣಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಡಂಚಿನ ಹಳ್ಳಿಯೊಂದರಲ್ಲಿ, ದೇವೀರಮ್ಮನ ಹಿತ್ತಲಿನಲ್ಲಿದ್ದ ಬುಗುಡಿ ಎಂಬ ಕೋಳಿಗೆ ಎಣಿಕೆ ಚೆನ್ನಾಗಿಯೇ ಬರುತ್ತಿತ್ತು. ಅವಳ ಕಷ್ಟವೆಲ್ಲ ಶುರುವಾದದ್ದೇ ಅಲ್ಲಿಂದ.

ಆ ಹಿತ್ತಲಿನಲ್ಲಿ ಒಂದು ನುಗ್ಗೆ ಮರ, ಅದರ ಬುಡದಲ್ಲಿ ಸೌದೆ ರಾಶಿ, ಪಕ್ಕದಲ್ಲಿ ಸ್ನಾನದ ನೀರು ಕಾಯಿಸುವ ಒಲೆ. ಬುಗುಡಿಯ ಜೊತೆಗೆ ಅಲ್ಲಿ ಇನ್ನೂ ಮೂವರಿದ್ದರು. ಹಿರಿಯ ಕೋಳಿ ಬೂದಕ್ಕ, ಆಗತಾನೇ ಮೊಟ್ಟೆ ಇಡಲು ಕಲಿತಿದ್ದ ಚಿಟ್ಟಿ, ಮತ್ತು ಯಾರೂ ಹೇಳದಿದ್ದರೂ ದಿನವಿಡೀ ಕಾವಲು ಕಾಯುವ ಹುಂಜ ಜುಟ್ಟಣ್ಣ.

ಕಳೆದ ಸಲ ಬೂದಕ್ಕ ಹನ್ನೆರಡು ಮರಿಗಳ ದಂಡು ಕಟ್ಟಿಕೊಂಡು ಹಿತ್ತಲೆಲ್ಲ ಓಡಾಡಿದ್ದಳು. ಅದನ್ನು ನೋಡಿ ನೋಡಿ ಬುಗುಡಿಗೆ ನುಂಗಿದ ನುಚ್ಚು ಗಂಟಲಲ್ಲಿ ಇಳಿದಿರಲಿಲ್ಲ. "ನನ್ನ ಸರದಿ ಬರಲಿ, ಹನ್ನೆರಡನ್ನೂ ಮೀರಿಸ್ತೀನಿ" ಎಂದು ಅವತ್ತೇ ಪಣ ತೊಟ್ಟಿದ್ದಳು.

ಸರದಿ ಬಂದೇ ಬಂತು! ದೇವೀರಮ್ಮ ಬುಟ್ಟಿಗೆ ಹುಲ್ಲು ಹಾಸಿ ಒಂಬತ್ತು ಮೊಟ್ಟೆ ಜೋಡಿಸಿದಳು. ಒಲೆಯಿಂದ ಒಂದು ಇದ್ದಿಲ ಚೂರು ತಂದು ಒಂದೊಂದು ಮೊಟ್ಟೆಗೂ ಒಂದೊಂದು ಗೆರೆ ಎಳೆದಳು.

"ಒಂಬತ್ತೇ ಕಣವ್ವ. ನಿನ್ನ ರೆಕ್ಕೆಗೆ ಹಿಡಿಯೋದು ಅಷ್ಟೇ" ಎಂದು ಬುಗುಡಿಯನ್ನು ಕಾವಿಗೆ ಕೂರಿಸಿದಳು.

ಗೆರೆ ಯಾಕೆ ಅಂತೀರಾ? ಬೆಚ್ಚಗಿನ ಬುಟ್ಟಿ ಕಂಡರೆ ಬೇರೆ ಕೋಳಿಗಳೂ ಬಂದು ಅದರಲ್ಲೇ ಮೊಟ್ಟೆ ಇಟ್ಟು ಹೋಗುತ್ತವೆ. ಸಂಜೆ ದೇವೀರಮ್ಮ ಬುಗುಡಿಯನ್ನು ಎತ್ತಿ ನೋಡುವಳು. ಗೆರೆ ಇದ್ದ ಮೊಟ್ಟೆ ಬುಟ್ಟಿಯಲ್ಲೇ ಉಳಿಯಬೇಕು, ಇಲ್ಲದ್ದು ಒಳಗೆ ರಾಗಿ ಡಬ್ಬಿಗೆ ಹೋಗಬೇಕು. ಮುಂದೆ ಚಿಟ್ಟಿಯನ್ನು ಕಾವಿಗೆ ಕೂರಿಸುವಾಗ ಅವು ಬೇಕಲ್ಲ!

ಮೂರನೆಯ ದಿನ ಚಿಟ್ಟಿ ಕುಂಟುತ್ತಾ ಮುಲುಗುತ್ತಾ ಬಂದಳು. "ಅಕ್ಕಾ, ಮೊಟ್ಟೆ ಎಲ್ಲಿಡಲಿ? ತಡೆಯೋಕೆ ಆಗ್ತಿಲ್ಲ!"

"ಅಯ್ಯೋ ಬಾರೇ ತಂಗಿ, ಇದೇನು ನಿನ್ನ ಮನೆ ಅಲ್ವಾ? ಇಲ್ಲೇ ಇಡು" ಎಂದು ಬುಗುಡಿ ಬೆಣ್ಣೆಯಂಥ ದನಿಯಲ್ಲಿ ಕರೆದು ಜಾಗ ಕೊಟ್ಟಳು.

ಚಿಟ್ಟಿ ಆ ಕಡೆ ಹೋದದ್ದೇ ತಡ, ಬುಗುಡಿ ಟಣ್ಣನೆ ಹಾರಿ ಒಲೆಯ ಬಳಿ ಓಡಿದಳು. ಇದ್ದಿಲ ಚೂರೊಂದನ್ನು ಕೊಕ್ಕಿನಲ್ಲಿ ಕಚ್ಚಿ ತಂದು, ಹೊಸ ಮೊಟ್ಟೆಗೆ ಸರ್ರನೆ ಒಂದು ಗೆರೆ! ಸಂಜೆ ದೇವೀರಮ್ಮ ಬಂದಳು, ಗೆರೆ ನೋಡಿದಳು, ಸುಮ್ಮನೆ ಹೋದಳು. ಪಾಪ, ಅವಳು ಎಣಿಸುವ ಗೋಜಿಗೇ ಹೋಗಲಿಲ್ಲ. ಬುಗುಡಿಗೆ ಖುಷಿಯೋ ಖುಷಿ.

ಹೀಗೆ ಹತ್ತಾಯಿತು, ಹನ್ನೊಂದಾಯಿತು. ಒಂದೇ ವಾರದಲ್ಲಿ ಹದಿನಾಲ್ಕು!

"ಯಾಕೇ ಬುಗುಡಿ, ಕೊಕ್ಕೆಲ್ಲ ಮಸಿ?" ಎಂದು ಬೂದಕ್ಕ ಒಂದು ದಿನ ಬುಟ್ಟಿಯೊಳಗೆ ಇಣುಕಿದಳು. ನೋಡಿದವಳೇ ಹೌಹಾರಿದಳು. "ಅಯ್ಯಯ್ಯೋ, ಇಷ್ಟನ್ನು ಹೇಗೆ ಮುಚ್ತೀಯೇ? ಅಂಚಿನವು ತಣ್ಣಗಾಗಲ್ವಾ? ಅದೂ ಅಲ್ದೆ, ನಿನ್ನವು ಮೊದಲು ಒಡೀತವೆ, ಚಿಟ್ಟಿಯವು ಆಮೇಲೆ. ಆಗ ಮರಿ ಹಿಂದೆ ಓಡ್ತೀಯೋ, ಮೊಟ್ಟೆ ಮೇಲೆ ಕೂರ್ತೀಯೋ?"

"ನಿನಗೆ ಹನ್ನೆರಡು ಇದ್ದಾಗ ನಾನೇನಾದ್ರೂ ಅಂದೆನಾ? ಹೊಟ್ಟೆಕಿಚ್ಚು ಪಡಬೇಡ, ಹೋಗಕ್ಕ" ಎಂದು ಬುಗುಡಿ ಪುಕ್ಕ ಉಬ್ಬಿಸಿದಳು. ಎಷ್ಟು ಉಬ್ಬಿಸಿದರೂ ಮೂರು ಮೊಟ್ಟೆ ಹೊರಗೇ ಇಣುಕುತ್ತಿದ್ದವು. ಈ ಕಡೆಯದನ್ನು ಒಳಗೆ ತಳ್ಳಿದರೆ ಆ ಕಡೆಯದು ಹೊರಗೆ ಬರುತ್ತಿತ್ತು.

ಇಪ್ಪತ್ತೊಂದನೆಯ ದಿನ ಬೆಳಗಾಯಿತು. ಬುಗುಡಿಯ ಹೊಟ್ಟೆಯಡಿಯಿಂದ ಸಣ್ಣಗೆ ಒಂದು ದನಿ ಬಂತು: "ಚಿಂವ್!"

"ಬಂತು! ಬಂತು! ನನ್ನ ಮರಿ ಬಂತು!" ಎಂದು ಬುಗುಡಿ ಇಡೀ ಹಿತ್ತಲಿಗೆ ಕೇಳುವಂತೆ ಕೂಗಿದಳು. ಜುಟ್ಟಣ್ಣ ಒಲೆಯ ಕಟ್ಟೆ ಹತ್ತಿ ಒಂದಲ್ಲ, ನಾಲ್ಕು ಸಲ ಕೂಗಿದ. ಚಿಪ್ಪು ಒಡೆದು ಒದ್ದೆ ತಲೆಯೊಂದು ಹೊರಬಂತು, ಹಿಂದೆಯೇ ಇನ್ನೊಂದು. ಸಂಜೆಯೊಳಗೆ ಐದು ಮರಿ!

ಮಾರನೆಯ ಬೆಳಗ್ಗೆ ಐದೂ ಒಣಗಿ ಹತ್ತಿಯ ಉಂಡೆಗಳಂತಾಗಿ ಬುಟ್ಟಿಯಿಂದ ಪುಳಪುಳನೆ ಕೆಳಗೆ ಹಾರಿದವು. "ಅಮ್ಮಾ, ಹಸಿವು! ಅಮ್ಮಾ, ಬಾ!"

ಬುಗುಡಿ ಎದ್ದಳು, ಮತ್ತೆ ಕೂತಳು. ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆ ಉಳಿದಿದ್ದವಲ್ಲ! ಅದರಲ್ಲಿ ತನ್ನವು ನಾಲ್ಕು, ಆದರೆ ಯಾವ ನಾಲ್ಕು? ಒಂಬತ್ತಕ್ಕೂ ಒಂದೇ ಥರದ ಗೆರೆ. ದೇವೀರಮ್ಮನ ಕಣ್ಣಿಗೆ ಮಣ್ಣೆರಚಲು ಹೋಗಿ ಬುಗುಡಿ ತನ್ನ ಕಣ್ಣಿಗೇ ಎರಚಿಕೊಂಡಿದ್ದಳು. ಕಾಯಬೇಕಾದದ್ದು ಇನ್ನೊಂದು ಗಳಿಗೆಯೋ, ಇನ್ನೊಂದು ವಾರವೋ ಅವಳಿಗೆ ತಿಳಿಯಲಿಲ್ಲ.

"ದೂರ ಹೋಗಬೇಡಿ ಮಕ್ಕಳಾ!" ಎಂದು ಕೂತಲ್ಲಿಂದಲೇ ಕೂಗಿದಳು. ಮರಿಗಳು ಕೇಳುತ್ತವೆಯೇ? ಒಂದು ಇರುವೆಯ ಹಿಂದೆ, ಒಂದು ಎಲೆಯ ಹಿಂದೆ, ಬಯಲಿಗೆ ನಡೆದೇಬಿಟ್ಟವು.

ಅಷ್ಟರಲ್ಲಿ ಜುಟ್ಟಣ್ಣನ ಗಂಟಲು ಹರಿಯುವಂಥ ಕೂಗು ಕೇಳಿತು. "ಹದ್ದು! ಹದ್ದು! ಎಲ್ಲ ಒಳಗೆ!"

ನೆಲದ ಮೇಲೆ ನೆರಳೊಂದು ಸರ್ರನೆ ಹಾಯಿತು. ಬುಗುಡಿ ಮೊಟ್ಟೆ ಗಿಟ್ಟೆ ಎಲ್ಲ ಬಿಟ್ಟು ಹಾರಿದಳು. ಅವಳು ಬಯಲು ಮುಟ್ಟುವ ಮೊದಲೇ ಬೂದಕ್ಕ ಸೌದೆ ರಾಶಿಯಿಂದ ಧುಮುಕಿ, ರೆಕ್ಕೆ ಅಗಲಿಸಿ, ಐದನ್ನೂ ಒಂದೇ ಸಲ ಬಾಚಿಕೊಂಡಿದ್ದಳು. ಜುಟ್ಟಣ್ಣ ಎಗರಿ ಹದ್ದಿನ ಮುಖಕ್ಕೇ ಒದ್ದ. ಹದ್ದಿನ ಉಗುರಿಗೆ ಸಿಕ್ಕಿದ್ದು ಬೂದಕ್ಕನ ಬೆನ್ನಿನ ನಾಲ್ಕು ಪುಕ್ಕ ಮಾತ್ರ.

ಬುಗುಡಿ ಗಳಗಳನೆ ಅತ್ತಳು. "ಅಕ್ಕಾ, ನೀನು ಹನ್ನೆರಡನ್ನು ಹೇಗೆ ಸಾಕಿದೆಯೇ? ನನಗೆ ಐದನ್ನೇ ನೋಡಿಕೊಳ್ಳೋಕೆ ಆಗ್ಲಿಲ್ಲ."

"ಹನ್ನೆರಡೆಲ್ಲಿ ಬಂತು ಹುಚ್ಚಿ! ನಾನು ಕಾವು ಕೊಟ್ಟಿದ್ದು ಏಳಕ್ಕೆ. ಆಚೆಮನೆ ಕೋಳೀನ ಮುಂಗುಸಿ ಹಿಡೀತಲ್ಲ, ಉಳಿದ ಐದು ಅವಳ ತಬ್ಬಲಿ ಮಕ್ಕಳು. ಅಮ್ಮಾ ಅಂತ ಬಂದ್ವು, ಸೇರಿಸ್ಕೊಂಡೆ" ಎಂದು ಬೂದಕ್ಕ ಪುಕ್ಕ ಕೊಡವಿಕೊಂಡಳು.

ಗಲಾಟೆ ಕೇಳಿ ಬಂದ ದೇವೀರಮ್ಮ ಬುಟ್ಟಿಯನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಒಂಬತ್ತನ್ನೂ ಮೆಲ್ಲಗೆ ತೇಲಿಬಿಟ್ಟಳು. ಒಳಗೆ ಜೀವವಿದ್ದರೆ ಮೊಟ್ಟೆ ನೀರಿನಲ್ಲಿ ಅಲುಗುತ್ತದೆ. ಎಲ್ಲರೂ ಕತ್ತು ಚಾಚಿ ಸುತ್ತ ನಿಂತರು.

ಒಂದೂ ಅಲುಗಲಿಲ್ಲ.

"ಅಲ್ನೋಡಿ! ಅಲ್ನೋಡಿ!" ಎಂದು ಚಿಟ್ಟಿ ಕಿರುಚಿದಳು. ಬೋಗುಣಿಯ ಅಂಚಿನಲ್ಲಿದ್ದ ಒಂದು ಮೊಟ್ಟೆ ಸಣ್ಣಗೆ ನಡುಗಿತು, ಮತ್ತೆ ನಡುಗಿತು! ದೇವೀರಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಬುಗುಡಿಯ ರೆಕ್ಕೆಯಡಿ ಇಟ್ಟಳು. ಮಧ್ಯಾಹ್ನ ಆರನೆಯ ಮರಿ ಹೊರಗೆ ಬಂತು.

ಸರಿಯಾಗಿ ಕಾವು ಸಿಗದೆ ತಣ್ಣಗಾಗಿದ್ದ ಉಳಿದ ಎಂಟು ಮಾತ್ರ ಒಡೆಯಲೇ ಇಲ್ಲ. ಅದರಲ್ಲಿ ಮೂರು ಬುಗುಡಿಯವು, ಐದು ಚಿಟ್ಟಿಯವು. ಚಿಟ್ಟಿ ಬೈಯಲಿಲ್ಲ, ಸುಮ್ಮನೆ ತಲೆ ತಗ್ಗಿಸಿ ಹೋದಳು. ಬೈದಿದ್ದರೆ ಬುಗುಡಿಗೆ ಅಷ್ಟು ನೋಯುತ್ತಿರಲಿಲ್ಲ.

ಮುಂದಿನ ಸಲ ಬುಗುಡಿ ಒಂಬತ್ತರ ಮೇಲೆ ಕೂತಿದ್ದಾಗ ಚಿಟ್ಟಿ ಬುಟ್ಟಿಗೆ ಬಂದು ಮೊಟ್ಟೆ ಇಟ್ಟಳು. ಕೂಡಲೇ ಬುಗುಡಿ "ದೇವೀರಮ್ಮಾ, ಬೇಗ ಬಾ! ಇದು ಚಿಟ್ಟಿದು, ಡಬ್ಬಿಗೆ ಎತ್ತಿಡು!" ಎಂದು ಬೀದಿಗೆ ಕೇಳುವಂತೆ ಕೊಕ್ಕೊಕ್ಕೋ ಎಂದು ಅರಚಿದಳು.

"ಈ ಸಲ ಎಷ್ಟು ಮರಿ ಮಾಡ್ತೀಯವ್ವ?" ಎಂದು ಜುಟ್ಟಣ್ಣ ಕೆಣಕಿದ.

"ಹದ್ದು ಬಂದಾಗ ರೆಕ್ಕೆಯೊಳಗೆ ಹಿಡಿಸುವಷ್ಟು" ಎಂದಳು ಬುಗುಡಿ.

ನೀತಿ: ಇನ್ನೊಬ್ಬರ ಎಣಿಕೆಯನ್ನು ಮೀರಿಸಲು ಹೋದರೆ ನಮ್ಮ ಕೈಯಲ್ಲಿದ್ದದ್ದೂ ತಣ್ಣಗಾಗುತ್ತದೆ, ಕಾಪಾಡಲು ಆಗುವಷ್ಟನ್ನೇ ನಮ್ಮದೆನ್ನಬೇಕು.