ಫಿಲ್ಟರಿನೊಳಗಿನ ದೀಪ

ನದಿಯ ದಂಡೆಯ ಆ ಆಶ್ರಮದಲ್ಲಿ ಇದ್ದದ್ದು ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೆಯ ಲಾರಿ. ಮೂವರಲ್ಲಿ ಬಾಯಿ ಜೋರು ಲಾರಿಯದೇ.

ಗುರುವನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಕಾವಿ ಉಡುವ ಮುಂಚೆ ಸ್ಟೇರಿಂಗ್ ಹಿಡಿದು ಅರ್ಧ ದೇಶ ಸುತ್ತಿದವಳು. ಶಿಷ್ಯ ಕೊಟ್ರೇಶ. ಗುಡ್ಡದ ಮೇಲಿನ ಕಲ್ಲುಕ್ವಾರಿಯ ಗುಡಿಸಲುಗಳಿಗೆ ದಿನಾ ಲಾರಿಯಲ್ಲಿ ಕುಡಿಯುವ ನೀರು ಒಯ್ಯುವುದೇ ಅವನ ಪೂಜೆ. ದಾರಿಯುದ್ದಕ್ಕೂ ಹಿಟ್ಟಿನಂಥ ಕೆಂಪು ಧೂಳು.

ಒಂದು ದಿನ ಲಾರಿ ಏರಿನಲ್ಲಿ ಕೆಮ್ಮಿ ನಿಂತುಬಿಟ್ಟಿತು. ಪೇಟೆಯ ಮೇಸ್ತ್ರಿ ಎಂಜಿನ್ ಬಿಚ್ಚಿ, ಸವೆದ ಪಿಸ್ಟನ್ ರಿಂಗನ್ನು ಅಂಗೈ ಮೇಲಿಟ್ಟು ತೋರಿಸಿದ.

"ಧೂಳು ತಿಂದೈತಿ. ಹೊಸಾವು ಹಾಕೀನಿ. ಇನ್ನೊಮ್ಮೆ ಒಳಗ ಧೂಳು ಹೋತಂದ್ರ ಈ ಎಂಜಿನ್ನು ಗುಜರಿಗೇ."

ಗುಜರಿಗೆ ಹೋದರೆ ಗುಡ್ಡದ ಮೇಲಿನ ಕೊಡಗಳಿಗೆ ನೀರಿಲ್ಲ. ಕೊಟ್ರೇಶ ಅವ್ವನ ಮುಂದೆ ಕುಸಿದು ಕೂತ.

"ಅವ್ವಾ, ದಿನಾ ಮುಂಜಾನೆ ಏರ್ ಫಿಲ್ಟರ್ ಬಿಚ್ಚಿ, ಪಂಕ್ಚರ್ ಅಂಗಡಿ ಕಂಪ್ರೆಸರ್‌ಲೆ ಗಾಳಿ ಹೊಡಸ್ತೀನ್ರಿ. ಒಂದು ಕಣ ಉಳಿಯಂಗಿಲ್ಲ. ಧೂಳು ಎಲ್ಲಿಂದ ಹೊಕ್ಕತು?"

"ಸಂಜಿಗೆ ಏನ್ ಮಾಡ್ತಿ?"

"ಧ್ಯಾನಕ್ಕ ಕುಂತು ಮನಸ್ಸನ್ನೂ ಹಂಗ ಝಾಡಸ್ತೀನ್ರಿ. ಒಂದು ಕೆಟ್ಟ ವಿಚಾರ ಬಂದ್ರ ಊಟ ಬಿಡ್ತೀನಿ."

"ಅದಕ್ಕ ನಿನ್ನ ಮಾರಿನೂ ಕೆಟ್ಟು ನಿಂತ ಲಾರಿ ಹಂಗ ಕಾಣ್ತೈತಿ. ತಾ ಇಲ್ಲೆ, ಆ ಫಿಲ್ಟರ್ರು."

ಅವ್ವ ಅವನನ್ನು ಕಾಳಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಆ ಡಬ್ಬಿಯಾಕಾರದ ಫಿಲ್ಟರಿನೊಳಗೆ ವೈರಿಗೆ ಕಟ್ಟಿದ ಬಲ್ಬೊಂದನ್ನು ಇಳಿಬಿಟ್ಟಳು.

ಮಡಿಕೆ ಮಡಿಕೆಯ ಕಾಗದದ ತುಂಬ ಸೂಜಿಮೊನೆಯಂಥ ಬೆಳಕಿನ ಚುಕ್ಕಿಗಳು ಹೊಳೆದವು. ಕೊಟ್ರೇಶನ ಕೈಗಳು ತಾವಾಗಿಯೇ ಜೋಡಿಕೊಂಡವು.

"ಅವ್ವಾ! ಬೆಳಕು!"

"ಕೈ ಇಳಸು. ಅವು ತೂತು."

ಅವನು ಬಗ್ಗಿ ನೋಡಿದ. "ಯಾರು ಮಾಡಿದ್ರು?"

"ನಿನ್ನ ಗಾಳಿ. ಕಾಗದ ಐತದು, ಪಾಪ. ದಿನಾ ಹೊಡಸ್ಕೊಂಡ್ರ ಹರೀಲಾರದ ಏನ್ ಮಾಡ್ತೈತಿ?"

ಹೊಸ ಫಿಲ್ಟರ್ ಬಂತು. ಕೊಟ್ರೇಶ ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದರೆ, ಅವ್ವ ಲಾರಿಯ ಮುಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಗಾಳಿ ಎಳೆಯುವ ಪೈಪಿನ ಬಾಯಿ ಅಲ್ಲೇ ಇತ್ತು.

"ನೋಡು, ಇದರ ಮೂಗು ಎಲ್ಲೈತಿ. ತನ್ನ ಗಾಲಿ ಎಬ್ಬಿಸಿದ ಧೂಳು ತಾನೇ ಕುಡೀತೈತಿ."

"ಏನ್ ಮಾಡೂಣ್ರಿ?"

"ಮೂಗು ಮ್ಯಾಲೆತ್ತು."

ವೆಲ್ಡಿಂಗ್‌ನವನು ಪೈಪನ್ನು ಕ್ಯಾಬಿನ್ನಿಗಿಂತ ಮೇಲಕ್ಕೆ ಏರಿಸಿ ತಲೆಗೊಂದು ಟೊಪ್ಪಿಗೆ ಇಟ್ಟುಕೊಟ್ಟ.

ಕೆಲವು ದಿನ ಲಾರಿ ಸುಮ್ಮನೆ ಓಡಿತು. ಸಮಾಧಾನವಿಲ್ಲದ್ದು ಕೊಟ್ರೇಶನಿಗೆ. ಒಂದು ಮುಂಜಾನೆ ಸ್ಪ್ಯಾನರ್ ಹಿಡಿದು ಹೊರಟವನ ಮುಂಗೈಯನ್ನು ಅವ್ವ ಹಿಡಿದಳು.

"ಎಲ್ಲಿಗೆ ಸವಾರಿ?"

"ಫಿಲ್ಟರ್ ಮ್ಯಾಲ ತೆಳ್ಳಗ ಧೂಳು ಕುಂತೈತ್ರಿ. ನೋಡಿದ್ರ ನನ್ನ ಮೈಯೇ ಕೆರೀತೈತಿ."

"ಕುಂದ್ರಲಿ ಬಿಡು. ಬಾಗಲಾಗ ಕುಂತ ಧೂಳು, ಒಳಗ ಬರೂ ಧೂಳನ್ನ ತಡೀತೈತಿ."

"ಹಂಗಾರ ತಗಿಯೂದು ಯಾವಾಗ?"

"ಏರಿನ್ಯಾಗ ಲಾರಿ ದಮ್ಮು ಕಟ್ಟಿದಾಗ. ಮೊದ್ಲು ನೀರು ಕೊಟ್ಟು ಬಾ. ಮಂದಿ ಕಾಯ್ತಾರ."

ಹಿಂದೆ ಲಾರಿ ನಿಂತಿದ್ದ ತಿರುವಿನಲ್ಲಿ ಕೊಟ್ರೇಶ ಉಸಿರು ಬಿಗಿಹಿಡಿದ. ಲಾರಿ ಕೆಮ್ಮಲಿಲ್ಲ. ಒಂದೇ ದಮ್ಮಿಗೆ ಏರು ಹತ್ತಿತು.

ಮೇಲೆ ಹೆಂಗಸರು ಕೊಡ ಬಡಿದು ಕೂಗಿದರು.

"ಏ ಕೊಟ್ರೇಶಣ್ಣಾ, ನಿನ್ನ ಲಾರಿಗೆ ಸೊಂಡಿಲು ಬಂತಲ್ಲೋ! ಕಡುಬು ಮಾಡೂಣೇನು?"

ಬಹಳ ದಿನಗಳ ಮೇಲೆ ಕೊಟ್ರೇಶ ನಕ್ಕ.

ಸಂಜೆ ಅವ್ವ ನದಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಅವನು ಪಕ್ಕದಲ್ಲಿ ಕೂತ.

"ಅವ್ವಾ, ಫಿಲ್ಟರಿಂದು ತಿಳೀತ್ರಿ. ಮನಸ್ಸಿಂದು? ಅಲ್ಲೂ ಒಂದು ಪದರ ಧೂಳು ಐತಿ. ಎಷ್ಟು ದಿನಕ್ಕೊಮ್ಮೆ ಬಿಚ್ಚಿ ಝಾಡಸ್ಲಿ?"

"ಇವತ್ತು ಏರು ಹತ್ತಿದೇನು?"

"ಹತ್ತೀನ್ರಿ."

"ಅವರ ಕೊಡ ತುಂಬಿದುವೇನು?"

"ತುಂಬಿದುವ್ರಿ."

"ಹಂಗಾರ ಬಿಚ್ಚಬ್ಯಾಡ."