ಮಂಡಕ್ಕಿ ಭಟ್ಟಿಗೆ ಬಂದ ಆನೆಹುಲ್ಲು

ಹೊಳೆದಂಡೆಯ ಒಂದು ಊರಿನಲ್ಲಿ ಬುಡೇನ್ ಸಾಬ್ ಎಂಬುವರು ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. ಭಟ್ಟಿಯಲ್ಲಿ ಎರಡು ಒಲೆ, ಕೆಲಸಕ್ಕೆ ಎಂಟು ಜನ ಹೆಂಗಸರು. ಒಲೆಗೆ ಹಳೇ ಟೈರು ಹಾಕುವುದು ಅವರ ತಂದೆಯ ಕಾಲದ ರೂಢಿ. ಆ ಕರಿ ಹೊಗೆಗೆ ಬೀದಿಯ ಮಕ್ಕಳೆಲ್ಲ ಕೆಮ್ಮುತ್ತಿದ್ದವು. ಒಂದು ದಿನ ತಮ್ಮ ಮೊಮ್ಮಗಳೂ ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದ್ದನ್ನು ಕಂಡ ಸಾಬರು, "ಇನ್ನು ಟೈರು ಈ ಬಾಗಿಲು ದಾಟಬಾರದು" ಎಂದುಬಿಟ್ಟರು.

ಟೈರು ಬಿಟ್ಟರೆ ಉರಿಸುವುದೇನು? ಸೌದೆಗಾಗಿ ಮರ ಕಡಿಸಲು ಅವರಿಗೆ ಮನಸ್ಸಿಲ್ಲ. ಆಗ ಪಕ್ಕದ ಹಳ್ಳಿಯ ಹಾಲಮ್ಮ, ಅವಳ ಮೈದುನ ಕರಿಬಸಪ್ಪ ನೆನಪಾದರು. ಇಬ್ಬರೂ ಬೇರೇನೂ ಸರಿಯಾಗಿ ಬೆಳೆಯದ ಕಲ್ಲು ನೆಲದಲ್ಲಿ ಆನೆಹುಲ್ಲು ನೆಟ್ಟಿದ್ದರು. ಅದು ಎರಡಾಳೆತ್ತರ ಬೆಳೆಯುವ ಹುಲ್ಲು. ಒಮ್ಮೆ ನೆಟ್ಟರೆ ಸಾಕು, ಕೊಯ್ದಷ್ಟೂ ಅದೇ ಬುಡದಿಂದ ಹತ್ತು ಹನ್ನೆರಡು ವರ್ಷ ಚಿಗುರುತ್ತದೆ.

ದೀಪಾವಳಿ ಕಳೆದ ವಾರವೇ ಸಾಬರು ಹಳ್ಳಿಗೆ ಹೋದರು.

"ಎಷ್ಟು ಬೇಕು ಹೇಳ್ರಿ, ನಾಳೆನೇ ಕೊಯ್ಸಿ ಕಳಿಸ್ತೀನಿ" ಎಂದ ಕರಿಬಸಪ್ಪ. ಅವನ ಹುಲ್ಲು ಹಚ್ಚ ಹಸಿರಾಗಿತ್ತು. ಹಸಿ ಹುಲ್ಲಿನ ತೂಕ ಜಾಸ್ತಿ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಲಮ್ಮ ಮಾತ್ರ ಆಗುವುದಿಲ್ಲವೆಂದು ತಲೆಯಾಡಿಸಿದಳು. "ನಂದು ಈಗ ಕೊಯ್ಯಲ್ಲ ಸಾಬ್ರೇ. ಇನ್ನೂ ಹಸಿ ಐತಿ. ಶಿವರಾತ್ರಿ ಹೊತ್ತಿಗೆ ಬರ್ರಿ."

"ಅಲ್ಲಿವರೆಗೂ ನನ್ನ ಒಲೆ ಏನು ತಿನ್ನಬೇಕಮ್ಮಾ?" ಎಂದು ಸಾಬರು ನಕ್ಕು, ಕರಿಬಸಪ್ಪನ ಹುಲ್ಲನ್ನೇ ತರಿಸಿಕೊಂಡರು.

ಟ್ರ್ಯಾಕ್ಟರ್ ತುಂಬ ಹುಲ್ಲು ಬಂತು. ನಾಲ್ಕು ದಿನ ಬಿಸಿಲಿಗೆ ಹರವಿ ಒಲೆಗೆ ಹಾಕಿದರು. ದಂಟಿನೊಳಗಿನ ನೀರು ಚಿರ್ರೆಂದು ಕುದಿಯಿತು. ಕಣ್ಣು ಬಿಡಲಾಗದಷ್ಟು ಬಿಳಿ ಹೊಗೆ ಎದ್ದಿತು. ಹೇಗೋ ಉರಿ ಹತ್ತಿತು ಅನ್ನುವಾಗ ಬೂದಿ ಕರಗಿ, ಒಲೆಯ ಸರಳುಗಳಿಗೆ ಗಾಜಿನ ಹಾಗೆ ಅಂಟಿ ಕಿಟ್ಟ ಕಟ್ಟಿತು. ಕಿಟ್ಟ ಕಟ್ಟಿದ ಮೇಲೆ ಗಾಳಿ ಆಡಲಿಲ್ಲ, ಗಾಳಿ ಆಡದೆ ಬಾಂಡ್ಲಿಯ ಮರಳು ಹದವಾಗಿ ಕಾಯಲಿಲ್ಲ. ಅಕ್ಕಿ ಒಂದು ಕಡೆ ಸೀದು, ಇನ್ನೊಂದು ಕಡೆ ಅರಳದೆ ಹಾಗೇ ಉಳಿಯಿತು. ವಾರ ತುಂಬುವುದರೊಳಗೆ ಹಾರೆ ಹಿಡಿದು ಕಿಟ್ಟ ಒಡೆಯಬೇಕಾಯಿತು. ಒಡೆಯುವಾಗ ಎರಡು ಸರಳು ಮುರಿದವು.

ಸಾಬರು ಮತ್ತೆ ಹಾಲಮ್ಮನ ಹೊಲಕ್ಕೆ ಬಂದರು. ಜೊತೆಗೆ ಭಟ್ಟಿಯ ಕೆಲಸದ ಮಾಬುಬಿಯೂ ಬಂದಿದ್ದಳು.

"ಹುಲ್ಲಿಂದ ಆಗೋದಿಲ್ಲ ಅಂತ ಎಲ್ಲಾರೂ ನಗ್ತಾ ಇದಾರೆ. ಟೈರಿನವನು ಬಾಗಿಲಿಗೇ ಬಂದು ನಿಂತಿದಾನೆ. ನಿಮ್ಮದನ್ನಾದರೂ ಕೊಡಿ ಅಕ್ಕಾ, ಹೆಂಗಿದ್ರೂ ತಗೊಳ್ತೀನಿ" ಎಂದರು ಸಾಬರು.

ಕೊಟ್ಟಿದ್ದರೆ ಅವತ್ತೇ ಹಾಲಮ್ಮನ ಹುಲ್ಲೆಲ್ಲ ಮಾರಾಟವಾಗಿ ಕೈಗೆ ದುಡ್ಡು ಬರುತ್ತಿತ್ತು. ಆದರೂ ಅವಳು ಹೇಳಿದಳು: "ಹೋದ ವರ್ಷ ಹದಿನೈದು ದಿನಕ್ಕೊಂದು ಹಿಡಿ ಕೊಯ್ದು ನನ್ನ ಒಲೆಗೇ ಹಾಕಿ ನೋಡೀನಿ. ಹಸಿರಿದ್ದಾಗ ಕೊಯ್ದದ್ದನ್ನು ಎಷ್ಟು ಒಣಗಿಸಿದ್ರೂ ಕಿಟ್ಟ ಕಟ್ತು. ನಿಂತಲ್ಲೇ ಒಣಗಿದ್ದು ಮಾತ್ರ ಕಿಟ್ಟ ಕಟ್ಟದೆ ಉರೀತು. ನಿಂತು ಒಣಗುವಾಗ ಸಾರ ಬೇರಿಗಿಳೀತದೆ, ಎಲೆ ಉದುರಿ ಮಣ್ಣಿಗೆ ಬೀಳ್ತದೆ. ಉಳಿಯೋದು ಬರೀ ದಂಟು. ಈಗ ಕೊಟ್ರೆ ನಿಮ್ಮ ಒಲೆನೂ ಕೆಡ್ತದೆ, ನನ್ನ ಬೇರೂ ಸೊರಗ್ತದೆ."

ಮಾಬುಬಿಗೆ ಸಿಟ್ಟು ಬಂತು. "ನಿನ್ನ ಹುಲ್ಲು ಒಣಗೋ ಹೊತ್ತಿಗೆ ನಮ್ಮ ಹೊಟ್ಟೆ ಒಣಗ್ತದೆ ಅಕ್ಕಾ!"

ಆ ಮಾತು ಹಾಲಮ್ಮನಿಗೆ ನಾಟಿತು. ಅವಳು ಒಳಗೆ ಹೋಗಿ, ಮನೆಯಲ್ಲಿದ್ದ ಭತ್ತದ ಹೊಟ್ಟಿನ ಮೂಟೆಗಳನ್ನೆಲ್ಲ ಹೊರಗೆ ತಂದಿಟ್ಟಳು. "ಇದರಲ್ಲಿ ಒಂದು ಒಲೆಯಾದರೂ ನಡೀಲಿ" ಅಂದಳು. ಸಾಬರು ಟೈರಿನವನನ್ನು ವಾಪಸ್ಸು ಕಳಿಸಿದರು. ಅಕ್ಕಪಕ್ಕದ ಗಿರಣಿಗಳಿಂದಲೂ ಹೊಟ್ಟು ತಂದು ಒಂದೇ ಒಲೆ ಹಚ್ಚಿದರು. ಎಂಟು ಜನ ಹೆಂಗಸರು ನಾಲ್ಕು ನಾಲ್ಕು ಜನರಾಗಿ ದಿನ ಬಿಟ್ಟು ದಿನ ಕೆಲಸಕ್ಕೆ ಬಂದರು. ಆ ಮೂರು ತಿಂಗಳು ಯಾರಿಗೂ ಸುಲಭವಾಗಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಇದ್ದಕ್ಕಿದ್ದಂತೆ ಎರಡು ದಿನ ಮಳೆ ಸುರಿಯಿತು. ಹೊಂಬಣ್ಣಕ್ಕೆ ತಿರುಗಿದ್ದ ಹಾಲಮ್ಮನ ಹುಲ್ಲು ನೆನೆದು ತೊಪ್ಪೆಯಾಯಿತು.

"ನೋಡ್ದ್ಯಾ ಅತ್ತಿಗೆ, ಕಾದು ಕಾದು ಕೆಟ್ಟೆ" ಎಂದ ಕರಿಬಸಪ್ಪ.

ಹಾಲಮ್ಮನಿಗೂ ಹೆದರಿಕೆಯಾಯಿತು. ಅವತ್ತು ಅವಳಿಗೆ ಊಟ ಸೇರಲಿಲ್ಲ. ಆದರೆ ಮಳೆಯ ಬೆನ್ನಿಗೇ ಬಿಸಿಲು ಬಂತು, ಗಾಳಿ ಬೀಸಿತು. ಹತ್ತೇ ದಿನದಲ್ಲಿ ದಂಟುಗಳು ಮೊದಲಿಗಿಂತ ಚೆನ್ನಾಗಿ ಒಣಗಿದವು. ಒಂದು ಹಿಡಿ ಮುರಿದು ಒಲೆಗೆ ಹಾಕಿ ನೋಡಿದಳು. ಬೂದಿ ಹಿಂದಿಗಿಂತಲೂ ಕಡಿಮೆ ಬಿತ್ತು. ದಂಟಿನಲ್ಲಿ ಉಳಿದಿದ್ದ, ಕಿಟ್ಟ ಕಟ್ಟಿಸುವ ಉಪ್ಪಿನಂಶವನ್ನೂ ಮಳೆಯೇ ತೊಳೆದುಬಿಟ್ಟಿತ್ತು!

ಶಿವರಾತ್ರಿಗೆ ಮುಂಚೆ ಹುಲ್ಲು ಭಟ್ಟಿಗೆ ಬಂತು. ಕರಿಬಸಪ್ಪ ಕಳಿಸಿದ್ದರ ಅರ್ಧದಷ್ಟೂ ತೂಕವಿರಲಿಲ್ಲ. ಸಾಬರು ಬಿಸ್ಮಿಲ್ಲಾ ಹೇಳಿ ಕಡ್ಡಿ ಗೀರಿದರು. ಉರಿ ಸದ್ದಿಲ್ಲದೆ ಎದ್ದು ಒಂದೇ ಸಮನೆ ನಿಂತಿತು. ಬೂದಿ ಹಿಟ್ಟಿನಂತೆ ಸರಳುಗಳ ನಡುವೆ ಉದುರಿತು. ಮಾಬುಬಿ ಕಾದ ಮರಳಿಗೆ ಅಕ್ಕಿ ಸುರಿದು ಕೈಯಾಡಿಸಿದಳು. ಪಟಪಟನೆ ಅರಳಿದ ಮಂಡಕ್ಕಿ ಬಾಂಡ್ಲಿ ತುಂಬಿ ಉಕ್ಕಿತು. ವಾರವಾದರೂ ಹಾರೆ ಮುಟ್ಟುವ ಕೆಲಸ ಬರಲಿಲ್ಲ. ಎರಡನೇ ಒಲೆಯನ್ನೂ ಹಚ್ಚಿದರು.

ಮುಂಗಾರು ಬಿತ್ತು. ಹಾಲಮ್ಮನ ಹೊಲದಲ್ಲಿ ಬುಡಬುಡಕ್ಕೂ ದಟ್ಟವಾಗಿ ಚಿಗುರೊಡೆಯಿತು. ಕರಿಬಸಪ್ಪನ ಹೊಲದಲ್ಲಿ ಚಿಗುರು ಬಡವಾಗಿ, ಅಲ್ಲೊಂದು ಇಲ್ಲೊಂದು ಕಾಣಿಸಿತು. ಸಾರವನ್ನೆಲ್ಲ ಅವನು ಹಸಿ ಹುಲ್ಲಿನ ಜೊತೆಗೇ ಟ್ರ್ಯಾಕ್ಟರ್ ಹತ್ತಿಸಿ ಕಳಿಸಿದ್ದ.

ಒಂದು ಸಂಜೆ ಅವನು ಅತ್ತಿಗೆಯ ಜಗಲಿಗೆ ಬಂದು ಕುಳಿತ. ಹಾಲಮ್ಮ ಹಂಗಿಸಲಿಲ್ಲ. ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆಯನ್ನು ಅವನ ಮುಂದಿಟ್ಟು, "ತಿನ್ನಪ್ಪ. ಈ ಸಲ ಹುಲ್ಲು ಒಣಗೋತನಕ ಕುಡುಗೋಲು ಮ್ಯಾಲಿಡು. ಇಬ್ಬರೂ ಕೂಡೇ ಕೊಯ್ಯಾಣ" ಅಂದಳು.

ಕರಿಬಸಪ್ಪ ಆಗಲೆಂದು ತಲೆಯಾಡಿಸಿ ತಟ್ಟೆಗೆ ಕೈ ಹಾಕಿದ.

ನೀತಿ: ಪದಾರ್ಥದ ಬೆಲೆ ಅದರ ತೂಕದಲ್ಲಿಲ್ಲ, ಅದು ಮಾಡುವ ಕೆಲಸದಲ್ಲಿದೆ. ಹದ ಬರುವವರೆಗೆ ಕಾಯುವವನು ಕೊಳ್ಳುವವನಿಗೂ ಮೋಸ ಮಾಡುವುದಿಲ್ಲ, ಕೊಟ್ಟ ಮಣ್ಣಿಗೂ ಮೋಸ ಮಾಡುವುದಿಲ್ಲ.