ನೀಲಿಯ ಸಾಲು

"ಗುರುಗಳೇ, ಎಷ್ಟು ಹುಡುಕಿದರೂ ಇದರಲ್ಲಿ ಒಂದೂ ರತ್ನವಿಲ್ಲ. ಮತ್ತೆ ಇದಕ್ಕೆ ರತ್ನಗಂಬಳಿ ಎಂಬ ಹೆಸರು ಹೇಗೆ ಬಂತು?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ. ಭಕ್ತರೊಬ್ಬರು ಅಂದು ಮಠಕ್ಕೆ ಒಂದು ರತ್ನಗಂಬಳಿ ತಂದು ಹಾಸಿದ್ದರು. ಮುರಿಗೆಯ್ಯ ನಿಘಂಟು ಬರೆಯುತ್ತಿದ್ದ. ಕಂಡ ಪದದ ಬೇರು ಕೀಳದೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

"ಪಂಡಿತರು ಏನು ಹೇಳುತ್ತಾರೋ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದು ಕತೆ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಹೂಬಳ್ಳಿಯ ಚಿತ್ತಾರವಿರುವ ಕಂಬಳಿ ನೇಯುವುದು ಅವನ ಕಸುಬು. ಅದಕ್ಕೆ ಇಬ್ಬರು ಬೇಕು. ಹೆಂಡತಿ ಹಿಂದೆ ಕುಳಿತು, ಚಿತ್ತಾರದ ಹಾಳೆ ನೋಡಿ, 'ಎರಡು ಕೆಂಪು, ಒಂದು ಹಸಿರು' ಎಂದು ಕೂಗುವಳು. ಅವನು ಮಗ್ಗದಲ್ಲಿ ಅಷ್ಟು ಗಂಟು ಕಟ್ಟುವನು. ಕೂಗಿದ್ದನ್ನು ಕಟ್ಟಬೇಕು, ಎದುರು ಕೇಳಬಾರದು; ಕೇಳಿದರೆ ಕೈಯ ಓಟ ಕೆಡುತ್ತದೆ. ಇಪ್ಪತ್ತು ವರ್ಷ ಅವನು ಅವಳ ಬಾಯಿಂದ ಬಣ್ಣಗಳನ್ನು ಬಿಟ್ಟು ಹೆಚ್ಚೇನೂ ಕೇಳಿಸಿಕೊಂಡಿರಲಿಲ್ಲ.

ಅರಮನೆಗೆಂದು ವ್ಯಾಪಾರಿಯೊಬ್ಬ ನೇಯಲು ಹೇಳಿದ್ದ ಕಂಬಳಿ ಮುಗಿಯುತ್ತ ಬಂದಿತ್ತು. ಹೆಂಡತಿಗೆ ಜ್ವರ.

'ಇವತ್ತ ಬ್ಯಾಡ್ರೀ, ಹಾಳಿ ಮಸುಕ ಮಸುಕ ಕಾಣಾಕತ್ತೈತಿ' ಎಂದಳು.

'ಇನ್ನ ನಾಕ ಬೆರಳ ಉಳದೈತಿ. ಕೂಗು' ಎಂದ.

ಅವಳು ಕೂಗಿದಳು. ಕೆಂಪು, ಹಸಿರು, ನೀಲಿ. ಆಮೇಲೆ ಬರೀ ನೀಲಿ, ನೀಲಿ, ನೀಲಿ. ಹೂವಿನ ಮೈಮೇಲೆಲ್ಲ ನೀಲಿ ಹಾಯುತ್ತಿದ್ದರೂ ಅವನು ಕಟ್ಟುತ್ತಲೇ ಹೋದ. ಮುಂದಿನ ಬಣ್ಣ ಬರಲಿಲ್ಲ. ಸಿಡುಕಿ ತಿರುಗಿ ನೋಡಿದ. ಅವಳು ಹಾಳೆಯ ಮೇಲೆ ತಲೆಯಿಟ್ಟಿದ್ದಳು, ಜೀವ ಇರಲಿಲ್ಲ.

ಅವಳ ಮಣ್ಣು ಮುಗಿಸಿ ಬಂದು, ಉಳಿದ ಎರಡು ಬೆರಳಗಲವನ್ನು ಅವನು ತಾನೇ ಹಾಳೆ ನೋಡಿ ನೇಯ್ದು ಮುಗಿಸಿದ. ವ್ಯಾಪಾರಿ ಬಂದು ನೋಡಿ ಮುಖ ಗಂಟಿಕ್ಕಿದ. 'ಈ ನೀಲಿ ಸಾಲ ಬಿಚ್ಚಿ ಸರಿ ಮಾಡು. ಇಲ್ಲಾಂದ್ರ ಅರಮನಿಯವ್ರು ಮುಟ್ಟಂಗಿಲ್ಲ' ಎಂದ.

ನೇಕಾರ ಕತ್ತರಿ ಎತ್ತಿಕೊಂಡ. ಎಷ್ಟೋ ಹೊತ್ತು ಹಿಡಿದುಕೊಂಡೇ ಇದ್ದು ಕೆಳಗಿಟ್ಟ. ಅವನಿಗೆ ಅಳು ತಡೆಯಲಾಗಲಿಲ್ಲ. 'ಅದು ಆಕಿ ಕಡೀ ಮಾತ ರೀ. ಇದ್ದಾಗಂತೂ ಆಕಿ ಮಾತ ಕೇಳಲಿಲ್ಲ. ಈಗ ಹ್ಯಾಂಗ ಬಿಚ್ಚಲಿ?'

ವ್ಯಾಪಾರಿ ಜಾಣ. ಕಂಬಳಿಯನ್ನು ಹಾಗೆಯೇ ಒಯ್ದು, 'ಇದು ನೀಲಮಣಿಯ ಸಾಲು, ಇದು ರತ್ನಗಂಬಳಿ' ಎಂದು ಅರಮನೆಯಲ್ಲಿ ಹೊಗಳಿದ. ಹೆಸರು ಊರೂರಿಗೆ ಹಬ್ಬಿತು. ನೇಕಾರ ಮತ್ತೆ ಮಗ್ಗಕ್ಕೆ ಕೂರಲಿಲ್ಲ. ಯಾರಾದರೂ ಆ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ.

ಮುರಿಗೆಯ್ಯ ಹಿಗ್ಗಿನಿಂದ ಓಲೆಯ ಮೇಲೆ ಬರೆದುಕೊಂಡ: ಅರಮನೆ, ವ್ಯಾಪಾರಿ, ನೀಲಮಣಿ. "ಇನ್ನು ಇದರಲ್ಲಿ ಕೇಳುವುದು ಏನೂ ಉಳಿಯಲಿಲ್ಲ, ಗುರುಗಳೇ" ಎಂದ.

"ಆ ಹೆಂಗಸಿನ ಹೆಸರೇನೆಂದು ನೀನೂ ಕೇಳಲಿಲ್ಲ" ಎಂದರು ಗುರುಗಳು.